ಹಳೆಯ ಸೀ-ಡೂ ಸ್ಟಾರ್ಟ್ ಆಗದಿದ್ದರೆ ಮೊದಲು ಕಿಲುಬು ಹುಡುಕಿ

1990ರ ದಶಕದ ಟು-ಸ್ಟ್ರೋಕ್ ಸೀ-ಡೂ ಜೆಟ್ ಸ್ಕಿಗಳಲ್ಲಿ ಎಂಜಿನ್‌ಗಿಂತ ಹೆಚ್ಚು ಕಾಡುವುದು ವೈರಿಂಗ್. ಸ್ಟಾರ್ಟ್ ಬಟನ್ ಒತ್ತಿದರೆ ಸದ್ದೇ ಇರುವುದಿಲ್ಲ, ಇಲ್ಲವೇ ಬರೀ ‘ಟಕ್’ ಅನ್ನುತ್ತದೆ. ಆಗ ಎಲ್ಲರ ಅನುಮಾನ ಹೋಗುವುದು ಎಂಪಿಇಎಂ ಮೇಲೆ, ಅಂದರೆ ಕೀಲಿ, ಸ್ಟಾರ್ಟರ್, ಇಗ್ನಿಷನ್ ಮೂರನ್ನೂ ನೋಡಿಕೊಳ್ಳುವ ಎಲೆಕ್ಟ್ರಾನಿಕ್ ಪೆಟ್ಟಿಗೆಯ ಮೇಲೆ. ಅದು ದುಬಾರಿ ಭಾಗ, ದಯವಿಟ್ಟು ಅದನ್ನು ಕೊನೆಗಿಡಿ. ವರ್ಷಗಟ್ಟಲೆ ಉಪ್ಪುನೀರು ಕುಡಿದ ಯಂತ್ರದಲ್ಲಿ ಮೊದಲು ಕೈಕೊಡುವುದು ಜೋಡಣೆಗಳು: ಲಗ್ (ಕೇಬಲ್ ತುದಿಯ ಲೋಹದ ಕಿವಿ), ಫ್ಯೂಸ್ ಹೋಲ್ಡರ್, ವೈರ್ ಜೋಡಿಸುವ ಪ್ಲಗ್‌ನ ಪಿನ್.

ಕೆಲಸ ಶುರು ಮಾಡುವ ಮೊದಲು ಸೀಟು ತೆಗೆದು ಹತ್ತು ನಿಮಿಷ ಗಾಳಿಯಾಡಲು ಬಿಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಯಂತ್ರದ ಹೊಟ್ಟೆಯ ತಳದಲ್ಲೇ ಕೂತಿರುತ್ತದೆ. ವಾಸನೆ ಹೋಗದಿದ್ದರೆ ಮೊದಲು ಸೋರಿಕೆ ಹುಡುಕಿ, ಕರೆಂಟಿನ ಕೆಲಸ ಆಮೇಲೆ. ಸೊಲೆನಾಯ್ಡ್‌ನ (ಸ್ಟಾರ್ಟರ್ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್‌ನ) ಎರಡು ಬೋಲ್ಟ್‌ಗಳಿಗೆ ಸ್ಕ್ರೂಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸುವ ಅಭ್ಯಾಸ ಬೈಕಿನಲ್ಲಿ ನಡೆದೀತು. ಮುಚ್ಚಿದ ದೋಣಿಯೊಳಗೆ ಅದು ಬೇಡವೇ ಬೇಡ.

ಬ್ಯಾಟರಿಯ ವಿಷಯ ಬೇಗ ಮುಗಿಯುತ್ತದೆ. ಚಾರ್ಜ್ ಮಾಡಿ ಕೆಲವು ಗಂಟೆ ಹಾಗೇ ಬಿಟ್ಟ ಮೇಲೆ 12.6 ವೋಲ್ಟ್‌ಗಿಂತ ಕಡಿಮೆ ಇರಬಾರದು. 12.4 ಅಂದರೆ ಮುಕ್ಕಾಲು ಪಾಲು ತುಂಬಿದೆ ಎಂದರ್ಥ. ಈ ಯಂತ್ರಗಳಿಗೆ ಸಾಮಾನ್ಯವಾಗಿ ಬರುವುದು 19 ಆಂಪಿಯರ್-ಅವರ್ ಬ್ಯಾಟರಿ. ಅದಕ್ಕೆ 2 ಆಂಪಿಯರ್ ಚಾರ್ಜರ್ ಸಾಕು, ಅದೂ ಬ್ಯಾಟರಿಯನ್ನು ಹೊರಗೆ ತೆಗೆದಿಟ್ಟು. ಬಿಚ್ಚುವಾಗ ಮೊದಲು ನೆಗೆಟಿವ್, ಕೂರಿಸುವಾಗ ಕೊನೆಗೆ ನೆಗೆಟಿವ್. ಬೇರೆ ಬ್ಯಾಟರಿಯಿಂದ ಎಳೆದು ಸ್ಟಾರ್ಟ್ ಮಾಡುವುದಾದರೆ ಆ ಕಾರಿನ ಎಂಜಿನ್ ಆಫ್ ಇರಲಿ.

ನಿಜವಾದ ಪರೀಕ್ಷೆ ಬಟನ್ ಒತ್ತಿದಾಗ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಕ್ಯಾಪ್‌ಗಳನ್ನು ಅದಕ್ಕೆಂದೇ ಕೊಟ್ಟಿರುವ ಅರ್ತ್ ಗೂಟಗಳಿಗೆ ಸಿಕ್ಕಿಸಿ. ಹಾಗೆ ಮಾಡದೆ ತಿರುಗಿಸಿದರೆ ಇಗ್ನಿಷನ್ ಪೆಟ್ಟಿಗೆಗೆ ಪೆಟ್ಟು, ಜೊತೆಗೆ ಕಿಡಿಯ ಅಪಾಯ. ಮಲ್ಟಿಮೀಟರಿನ ಕಡ್ಡಿಗಳನ್ನು ಬ್ಯಾಟರಿ ಕಂಬಗಳಿಗೇ ಹಿಡಿದು ಬಟನ್ ಒತ್ತಿ. ‘ಟಕ್’ ಎಂದರೂ ಮೀಟರ್ 12.5ರಲ್ಲೇ ನಿಂತಿದ್ದರೆ ಮೋಟಾರಿಗೆ ಕರೆಂಟ್ ಹರಿಯುತ್ತಲೇ ಇಲ್ಲ, ದಾರಿ ಎಲ್ಲೋ ಕಟ್ ಆಗಿದೆ. ಒಮ್ಮೆಗೇ 9ಕ್ಕೋ ಅದಕ್ಕಿಂತ ಕೆಳಕ್ಕೋ ಕುಸಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಎಂಜಿನ್ ತಿರುಗಲು ಬಿಡುತ್ತಿಲ್ಲ. ಪ್ಲಗ್ ಹಾಕಿದಾಗ ತಿರುಗದ ಎಂಜಿನ್ ಪ್ಲಗ್ ಬಿಚ್ಚಿದ ಕೂಡಲೇ ನೀರು ಉಗುಳಿ ಸರಾಗವಾಗಿ ತಿರುಗಿದರೆ, ಸಿಲಿಂಡರಿಗೆ ನೀರು ನುಗ್ಗಿತ್ತು ಎಂದರ್ಥ. ಅದನ್ನು ವೈರಿಂಗ್ ದೋಷ ಎಂದುಕೊಂಡು ಸ್ಟಾರ್ಟರ್ ಬದಲಿಸಿದರೆ ದುಡ್ಡು ದಂಡ.

ದಾರಿ ಕಟ್ ಆಗಿರುವುದು ಎಲ್ಲಿ? ಬ್ಯಾಟರಿಯಿಂದ ಸ್ಟಾರ್ಟರ್‌ವರೆಗೆ ಒಂದೊಂದೇ ತುಂಡನ್ನು ಅಳೆಯುತ್ತಾ ಹೋಗಿ. ಬಟನ್ ಒತ್ತಿದ ಹೊತ್ತಿನಲ್ಲೇ ಬ್ಯಾಟರಿಯ ಪಾಸಿಟಿವ್ ಕಂಬಕ್ಕೂ ಸೊಲೆನಾಯ್ಡ್ ಬೋಲ್ಟಿಗೂ ನಡುವೆ, ಆಮೇಲೆ ಸೊಲೆನಾಯ್ಡ್‌ನ ಎರಡು ದೊಡ್ಡ ಬೋಲ್ಟ್‌ಗಳ ನಡುವೆ, ಕೊನೆಗೆ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಸ್ಟಾರ್ಟರ್ ಮೈಗೂ ನಡುವೆ. ಎಲ್ಲೂ 0.2ರಿಂದ 0.3 ವೋಲ್ಟ್ ಮೀರಬಾರದು. ಸೊಲೆನಾಯ್ಡ್ ಟಕ್ ಎಂದರೂ ಅದರ ಬೋಲ್ಟ್‌ಗಳ ನಡುವೆ 12 ವೋಲ್ಟ್ ತೋರಿಸಿದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ, ಬದಲಿಸಿ. ಎಲ್ಲ ಸರಿಯಿದ್ದು ಸ್ಟಾರ್ಟರ್‌ಗೆ ಪೂರ್ತಿ ವೋಲ್ಟ್ ಬಂದೂ ತಿರುಗದಿದ್ದರೆ ಮೋಟಾರ್ ಬಿಚ್ಚಿ ಒಳಗಿನ ಕಾರ್ಬನ್ ಬ್ರಷ್ ನೋಡಬೇಕು. ಟಕ್ ಅನ್ನುವುದೇ ಇಲ್ಲ ಎಂದಾದರೆ, ಬಟನ್ ಒತ್ತಿದಾಗ ಸೊಲೆನಾಯ್ಡ್‌ನ ತೆಳು ವೈರಿಗೆ 12 ವೋಲ್ಟ್ ಬರುತ್ತಿದೆಯೇ ನೋಡಿ.

ನೆಗೆಟಿವ್ ಕೇಬಲ್ ಎಂಜಿನ್ನಿಗೆ ಸೇರುವ ಜಾಗವನ್ನು ಮಾತ್ರ ಕಣ್ಣಳತೆಯಲ್ಲಿ ಬಿಡಬೇಡಿ. ಮೇಲಿನಿಂದ ಬೋಲ್ಟ್ ಬಿಗಿಯಾಗಿಯೇ ಇರುತ್ತದೆ. ಬಿಚ್ಚಿದರೆ ಲಗ್ಗಿನ ಅಡಿಯಲ್ಲಿ ಬಿಳಿ ಪುಡಿ, ವೈರನ್ನು ಒತ್ತಿ ಹಿಡಿದ ಕ್ರಿಂಪ್ ಬಾಯಲ್ಲಿ ಹಸಿರು ಕಿಲುಬು. ರಬ್ಬರನ್ನು ಒಂದಿಂಚು ಸೀಳಿದರೆ ಒಳಗಿನ ತಾಮ್ರದ ಎಳೆಗಳು ಕಪ್ಪಾಗಿ, ಉಗುರಿಗೆ ಪುಡಿಪುಡಿಯಾಗಿ ಬರುತ್ತವೆ. ನೀರು ಎಳೆಗಳ ಸಂದಿಯಲ್ಲಿ, ದೀಪದ ಬತ್ತಿಗೆ ಎಣ್ಣೆ ಏರಿದಂತೆ ಒಳಗೊಳಗೇ ಏರಿರುತ್ತದೆ. ಆ ಜಾಗದಲ್ಲಿ ಬರೀ 0.02 ಓಮ್ ಅಡ್ಡಿಯಿದ್ದರೂ, 100 ಆಂಪಿಯರ್ ಹರಿಯುವಾಗ 2 ವೋಲ್ಟ್ ಅಲ್ಲೇ ಬಿಸಿಯಾಗಿ ಹೋಗುತ್ತದೆ. ಮಾಮೂಲಿ ಮಲ್ಟಿಮೀಟರಿನ ಓಮ್ ಅಳತೆಗೆ ಇಷ್ಟು ಚಿಕ್ಕ ಅಡ್ಡಿ ಕಾಣುವುದೇ ಇಲ್ಲ.

ತೆಳು ವೈರುಗಳಲ್ಲೂ ಇದೇ ಮೋಸ. ಒಂದೇ ಎಳೆ ಉಳಿದಿರುವ ವೈರಿನಲ್ಲೂ ಮೀಟರ್ 12 ವೋಲ್ಟ್ ತೋರಿಸುತ್ತದೆ. ಅದಕ್ಕೆ ಕಾರಿನ 21 ವ್ಯಾಟ್ ಬ್ರೇಕ್ ಬಲ್ಬಿಗೆ ಎರಡು ವೈರ್ ಬೆಸೆದು ಇಟ್ಟುಕೊಳ್ಳಿ. ಫ್ಯೂಸ್ ಹೋಲ್ಡರಿನ ಆಚೆ ಬದಿಗೂ ಅರ್ತಿಗೂ ನಡುವೆ ಹಿಡಿದಾಗ ಬಲ್ಬ್ ಮಂಕಾಗಿ ಉರಿದರೆ, ಫ್ಯೂಸ್ ನೆಟ್ಟಗಿದ್ದರೂ ಹೋಲ್ಡರ್ ಕೆಟ್ಟಿದೆ. ಈ ಬಲ್ಬನ್ನು ಪವರ್ ವೈರಿಗೆ ಮಾತ್ರ ಹಿಡಿಯಿರಿ. ಎಂಪಿಇಎಂನ ಸಿಗ್ನಲ್ ವೈರುಗಳಿಗೆ ಬೇಡ.

ಇನ್ನು ಕೀಲಿ. ಡೆಸ್ ಎಂಬ ಕೋಡ್ ಕೀಲಿಯ ವ್ಯವಸ್ಥೆ ಇರುವ ಮಾಡೆಲ್‌ಗಳಲ್ಲಿ ಸವಾರ ಕಟ್ಟಿಕೊಳ್ಳುವ ಸುರಕ್ಷತಾ ಹಗ್ಗದ ತುದಿಯ ಟೊಪ್ಪಿಯೊಳಗೆ ಒಂದು ಅಯಸ್ಕಾಂತ, ಒಂದು ಚಿಪ್ ಇರುತ್ತವೆ. ಅಯಸ್ಕಾಂತ ಟೊಪ್ಪಿ ಕೂರುವ ಕಂಬದೊಳಗಿನ ಸ್ವಿಚ್ ಆನ್ ಮಾಡುತ್ತದೆ, ಚಿಪ್ ತನ್ನ ಕೋಡ್ ಹೇಳುತ್ತದೆ. ಕೂರಿಸಿದ ಕೂಡಲೇ ಎರಡು ಚಿಕ್ಕ ಬೀಪ್ ಬಂದರೆ ಕೀಲಿಯ ಗುರುತು ಸಿಕ್ಕಿದೆ. ಒಂದು ಉದ್ದ ಬೀಪ್ ಬಂದರೆ ಟೊಪ್ಪಿ ಮತ್ತು ಕಂಬದ ಲೋಹದ ಭಾಗ ಒರೆಸಿ ಮತ್ತೆ ಕೂರಿಸಿ. ಬೀಪೇ ಇಲ್ಲದಿದ್ದರೆ ಫ್ಯೂಸ್ ಮತ್ತು ಎಂಪಿಇಎಂಗೆ ಬರುವ ಪವರ್ ಕಡೆ ತಿರುಗಿ.

ಎಂಜಿನ್ ತಿರುಗುತ್ತದೆ, ಆದರೆ ಸ್ಪಾರ್ಕ್ ಇಲ್ಲ ಎನ್ನುವಾಗ ಪ್ಲಗ್ ಕ್ಯಾಪನ್ನು ತಿರುಚಿ ಬಿಚ್ಚಿ. ವೈರಿನ ತುದಿ ಹಸಿರಾಗಿದ್ದರೆ 5-6 ಮಿಲಿಮೀಟರ್ ಕತ್ತರಿಸಿ ಮತ್ತೆ ತಿರುಚಿ ಕೂರಿಸಿ. ಸೀ-ಡೂಗಳಲ್ಲಿರುವ ರೋಟ್ಯಾಕ್ಸ್ 717, 787 ಎಂಜಿನ್ನುಗಳಿಗೆ ಎನ್‌ಜಿಕೆ ಬಿಆರ್8ಇಎಸ್ ಪ್ಲಗ್, ಗ್ಯಾಪ್ 0.5 ಮಿಲಿಮೀಟರ್ ಆಸುಪಾಸು.

ಚಾರ್ಜಿಂಗ್ ನೋಡಲು ಎಂಜಿನ್ 3500 ಆರ್‌ಪಿಎಂ ಹತ್ತಿರ ಓಡುವಾಗ ಬ್ಯಾಟರಿಯಲ್ಲಿ 13.5ರಿಂದ 14.5 ವೋಲ್ಟ್ ಇರಬೇಕು. ದಡದ ಮೇಲೆ ಎಂಜಿನ್ ತಣಿಸಲು ನೀರಿನ ಪೈಪ್ ಹಾಕಿ ನೋಡುವುದಾದರೆ ಮೊದಲು ಎಂಜಿನ್, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು, ಆಮೇಲೆ ಎಂಜಿನ್. ಈ ಕ್ರಮ ತಪ್ಪಿದರೆ ನೀರು ಸಿಲಿಂಡರಿಗೆ ಹೋಗುತ್ತದೆ.

ದೋಷ ಸಿಕ್ಕ ಮೇಲೆ ತಿರುಚಿ ಟೇಪ್ ಸುತ್ತುವ ರಿಪೇರಿ ಮಾಡಬೇಡಿ. ಹೊಳೆಯುವ ತಾಮ್ರ ಕಾಣುವವರೆಗೆ ಹಿಂದಕ್ಕೆ ಕತ್ತರಿಸಿ, ತವರ ಲೇಪಿಸಿದ ಮರೈನ್ ವೈರ್ ಸೇರಿಸಿ, ಗಟ್ಟಿಯಾಗಿ ಕ್ರಿಂಪ್ ಮಾಡಿ, ಒಳಗೆ ಅಂಟು ಲೇಪಿಸಿದ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗುವ ಕೊಳವೆ) ತೊಡಿಸಿ. ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹರಿಸದ, ನೀರು ತಡೆಯುವ ಗ್ರೀಸ್) ಹಾಕುವುದು ಪಿನ್ನುಗಳನ್ನು ಸ್ವಚ್ಛ ಮಾಡಿದ ಮೇಲೆ. ಕಿಲುಬಿನ ಮೇಲೆಯೇ ಗ್ರೀಸ್ ಮೆತ್ತಿದರೆ ಉಪ್ಪು ಒಳಗೇ ಉಳಿಯುತ್ತದೆ. ಎಲೆಕ್ಟ್ರಿಕಲ್ ಪೆಟ್ಟಿಗೆಯ ಮುಚ್ಚಳ ಹಾಕುವ ಮುನ್ನ ಗ್ಯಾಸ್ಕೆಟ್ ಮೇಲೆ ಸುತ್ತಲೂ ಬೆರಳಾಡಿಸಿ ನೋಡಿ. ಎಲ್ಲಾದರೂ ಚಪ್ಪಟೆಯಾಗಿ ಗಟ್ಟಿಯಾಗಿದ್ದರೆ ಹೊಸದು ಹಾಕಿಯೇ ಮುಚ್ಚಿ.