ಕಾರು ಅಲ್ಲಾಡಲಿ ಬಿಡಿ, ಟೈರು ಅಲ್ಲಾಡಬಾರದು

"ಎಷ್ಟು ಟೈಟಾಗಿ ಕಟ್ಟಬೇಕು?"

ಫ್ಲಾಟ್‌ಬೆಡ್ ಲಾರಿ ಮೇಲೆ ಕಾರು ಹತ್ತಿಸಿದ ಕೂಡಲೇ ಬರೋ ಪ್ರಶ್ನೆ ಇದು. ಕೆಲಸ ಬದಲಾಗಿ ಬೆಂಗಳೂರಿಂದ ಪುಣೆಗೆ ಕಾರು ಕಳಿಸೋರು ಕೇಳ್ತಾರೆ. ಹೊಸದಾಗಿ ಟೋಯಿಂಗ್ ಗಾಡಿ ತಗೊಂಡ ಹುಡುಗರು ಕೇಳ್ತಾರೆ. ಕ್ಯಾರಿಯರ್ ಟ್ರೈಲರ್‌ಗೆ ನಿನ್ನೆ ಮೊನ್ನೆ ಸೇರಿದ ಕ್ಲೀನರ್‌ಗಳೂ ಕೇಳ್ತಾರೆ. ಕೇಳಿದವರು ಉತ್ತರಕ್ಕೆ ಕಾಯಲ್ಲ. "ಒಂಚೂರೂ ಅಲ್ಲಾಡಬಾರದು ನೋಡಿ" ಅಂತ ತಾವೇ ಸೇರಿಸಿ, ಬಾನೆಟ್ ಮೇಲೆ ಎರಡೂ ಕೈ ಊರಿ ಕುಲುಕಿ ನೋಡ್ತಾರೆ. ಕಾರು ಕುಲುಕಿದರೆ ಮುಖ ಸಪ್ಪಗಾಗುತ್ತೆ.

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡ್ತಿದ್ದೀನಿ. ಕಾರು ಕುಲುಕಬೇಕು. ಅದು ಸ್ಪ್ರಿಂಗ್ ಮೇಲೆ ಕೂತಿರೋ ವಸ್ತು, ಕುಲುಕೋದೇ ಅದರ ಕೆಲಸ. ಅಲ್ಲಾಡಬಾರದ್ದು ಟೈರು. ಟೈರು ಡೆಕ್ಕಿಗೆ, ಅಂದ್ರೆ ಕಾರು ನಿಂತಿರೋ ಲಾರಿಯ ತಳಕ್ಕೆ, ಅಂಟಿಕೊಂಡಂತೆ ಕೂತಿದ್ದು, ಅದರ ಮೇಲೆ ಬಾಡಿ ರಸ್ತೆಯಲ್ಲಿ ಓಡುವಾಗ ಆಡಿದಂತೆ ಆಡುತ್ತಿದ್ದರೆ, ಆ ಕಟ್ಟು ಸರಿ ಇದೆ ಅಂತ ಅರ್ಥ.

"ಅಲ್ಲಾಡಬಾರದು" ಅನ್ನೋ ಆ ಒಂದು ಮಾತಿಗೋಸ್ಕರ ಎಷ್ಟೋ ಜನ ಚಾಸಿಗೆ, ಅಂದ್ರೆ ಕಾರಿನ ಅಡಿಯ ಚೌಕಟ್ಟಿಗೆ, ಬೆಲ್ಟಿನ ಹುಕ್ ಹಾಕಿ, ಸಸ್ಪೆನ್ಷನ್ ಪೂರ್ತಿ ಕುಸಿಯೋ ತನಕ ಕೆಳಗೆ ಎಳೀತಾರೆ. ನೋಡೋಕೆ ಗಟ್ಟಿಯಾಗೇ ಕಾಣುತ್ತೆ. ಈಗ ಅದೇ ಲಾರಿ ಗುರುತಿಲ್ಲದ ಒಂದು ಹಂಪ್ ಮೇಲೆ ಹೋಗೋದನ್ನ ನಿಧಾನಕ್ಕೆ ನೋಡಿ. ಲಾರಿಯ ಹಿಂಬದಿ ಮೇಲೆ ಹಾರುತ್ತೆ. ಡೆಕ್ ಮೇಲಕ್ಕೆ ಬರುತ್ತೆ, ಕಾರಿನ ಬಾಡಿ ತನ್ನ ಭಾರಕ್ಕೆ ಕೆಳಗೇ ಉಳಿಯುತ್ತೆ, ಸ್ಪ್ರಿಂಗ್ ಇನ್ನೊಂದೆರಡು ಸೆಂಟಿಮೀಟರ್ ಕುಗ್ಗುತ್ತೆ. ಆ ಕ್ಷಣಕ್ಕೆ ಚಾಸಿಯಿಂದ ಡೆಕ್ಕಿಗೆ ಇರೋ ದೂರ ಕಡಿಮೆಯಾಗಿ ಬೆಲ್ಟ್ ಸಡಿಲ ಬೀಳುತ್ತೆ. ಹುಕ್ಕಿಗೆ ಬಾಯಿ ಮುಚ್ಚೋ ಲ್ಯಾಚ್ ಇಲ್ಲದಿದ್ದರೆ ತೂತಿನಿಂದ ಕಳಚಿ ಡೆಕ್ ಮೇಲೆ ಬೀಳುತ್ತೆ. ಸ್ಪ್ರಿಂಗ್ ವಾಪಸ್ ಏಳುವಾಗ ಹಿಡಿಯೋಕೆ ಏನೂ ಇರಲ್ಲ. ಹುಕ್ ಕಳಚದೇ ಇದ್ದರೂ ಅದೇ ಬೆಲ್ಟಿಗೆ ಪ್ರತಿ ಹಂಪಿಗೂ ಒಂದು ಏಟು. ಇನ್ನು ಪೂರ್ತಿ, ಸ್ಪ್ರಿಂಗ್ ಕುಗ್ಗೋದು ನಿಲ್ಲೋ ರಬ್ಬರ್ ತಡೆ ಅಂದ್ರೆ ಬಂಪ್ ಸ್ಟಾಪ್‌ವರೆಗೆ ಎಳೆದಿದ್ದರೆ ಸ್ಪ್ರಿಂಗ್ ಇದ್ದೂ ಇಲ್ಲದಂತೆ. ಲಾರಿಗೆ ಬೀಳೋ ಪ್ರತಿ ಗುಂಡಿಯ ಹೊಡೆತ ನೇರ ಕಾರಿನ ಬಾಡಿಗೆ, ಶಾಕ್ ಅಬ್ಸಾರ್ಬರ್ ಮೌಂಟಿಂಗಿಗೆ. ಹೊಸ ಕಾರು ಇಳಿಸಿದ ಮೇಲೆ ಮುಂದೆ ಟಕ್ ಟಕ್ ಅಂತಿದೆ ಅಂದ್ರೆ ಮೊದಲು ಹೇಗೆ ಕಟ್ಟಿದ್ದರು ಅಂತ ವಿಚಾರಿಸಿ.

ಆದ್ದರಿಂದ ಟೈರು ಕಟ್ಟಿ. ಅದಕ್ಕೆ ಅಂತಲೇ ಮೂರು ಹುಕ್ಕಿನ ವೀಲ್ ಬೆಲ್ಟ್ ಸಿಗುತ್ತೆ, ಮೇಲೆ ಜಾರಾಡೋ ರಬ್ಬರ್ ತುಂಡುಗಳಿರುತ್ತವೆ. ಒಂದು ಹುಕ್ ಟೈರಿನ ಒಂದು ಬದಿಗೆ, ಡೆಕ್ಕಿನ ತೂತಿಗೆ. ಬೆಲ್ಟ್ ಟೈರಿನ ಬೆನ್ನ ಮೇಲೆ ಹಾದು ಆ ಕಡೆ ಇಳಿಯುತ್ತೆ, ಎರಡನೇ ಹುಕ್ಕಿನ ಕೆಳಗೆ ತಿರುಗಿ, ಮೂರನೇ ಹುಕ್ಕಿಗೆ ಕಟ್ಟಿದ, ಹಿಡಿಕೆ ಆಡಿಸಿ ಬಿಗಿ ಮಾಡೋ ಹಲ್ಲುಚಕ್ರದ ರ‍್ಯಾಚೆಟ್‌ಗೆ ಬರುತ್ತೆ. ರಬ್ಬರ್ ತುಂಡುಗಳು ಟೈರಿನ ಅಚ್ಚಿನ (ರಸ್ತೆಗೆ ತಾಗೋ ಭಾಗದ) ಮೇಲೆ ಸಮನಾಗಿ ಕೂರಬೇಕು, ಇಲ್ಲದಿದ್ದರೆ ಬೆಲ್ಟ್ ಪಕ್ಕಕ್ಕೆ ಜಾರುತ್ತೆ. ಹುಕ್‌ಗಳು ಟೈರಿಗೆ ಹತ್ತಿರ ಇರಲಿ. ಬೆಲ್ಟ್ ಟೈರನ್ನ ತಬ್ಬಿ ಕಡಿದಾಗಿ ಇಳಿಯಬೇಕು. ದೂರ ಹಾಕಿದರೆ ಬಂಪರಿನ ಕೆಳ ಅಂಚಿಗೆ ಉಜ್ಜುತ್ತೆ, ಟೈರಿನ ಮೇಲೆ ಹಿಡಿತವೂ ಕಡಿಮೆ. ಬೆಲ್ಟ್ ತಿರುಚಿರಬಾರದು. ಬ್ರೇಕ್ ಪೈಪಿಗೆ, ಎಬಿಎಸ್ ವೈರಿಗೆ, ಫೆಂಡರ್ ಅಂಚಿಗೆ ತಾಗಬಾರದು. ಅಲಾಯ್ ವೀಲಿನ ಕಡ್ಡಿಗಳ ನಡುವೆ ತೂರಿಸೋದನ್ನ ದಯವಿಟ್ಟು ಬಿಡಿ. ಅಂಚು ಬೆಲ್ಟನ್ನ ಕುಯ್ಯುತ್ತೆ, ಬೆಲ್ಟ್ ಅಲಾಯನ್ನ ಉಜ್ಜುತ್ತೆ.

4,536 ಕೆಜಿವರೆಗಿನ ವಾಹನಗಳಿಗೆ ಅಮೆರಿಕದ ಫೆಡರಲ್ ನಿಯಮ ಹೇಳೋದು ಕನಿಷ್ಠ ಎರಡು ಕಟ್ಟು, ಮುಂದೆ ಹಿಂದೆ ಎರಡೂ ಕಡೆ ಹಿಡಿತ. ನಮ್ಮ ರಸ್ತೆಗೆ ನಾಲ್ಕು ಚಕ್ರಕ್ಕೂ ಹಾಕಿ, ಎರಡಕ್ಕೆ ನಿಲ್ಲಿಸಬೇಡಿ.

ಟೈಟ್ ಎಷ್ಟು ಅನ್ನೋದಕ್ಕೆ ಉತ್ತರ ಬೆಲ್ಟಿನ ಲೇಬಲ್ ಮೇಲೇ ಇರುತ್ತೆ. ಯುರೋಪಿನ ಇಎನ್ 12195-2 ಮಾನದಂಡದ ಲೇಬಲ್ಲಿನಲ್ಲಿ ಮೂರು ಸಂಖ್ಯೆ ನೋಡಿ. ಎಲ್‌ಸಿ ಅಂದ್ರೆ ಬೆಲ್ಟ್ ಮೇಲೆ ಬೀಳಬಹುದಾದ ಗರಿಷ್ಠ ಎಳೆತ, 50 ಮಿ.ಮೀ. ಅಗಲದ ಬೆಲ್ಟಿಗೆ ನೇರ ಎಳೆತದಲ್ಲಿ ಸಾಮಾನ್ಯವಾಗಿ 2500. ಎಸ್‌ಎಚ್‌ಎಫ್ ಅಂದ್ರೆ ಹಿಡಿಕೆ ಮೇಲೆ ಕೈ ಹಾಕೋ ಬಲ, 50. ಎಸ್‌ಟಿಎಫ್ ಅಂದ್ರೆ ಅಷ್ಟು ಬಲಕ್ಕೆ ಬೆಲ್ಟಿನಲ್ಲಿ ಉಳಿಯೋ ಬಿಗಿ, ಬಹಳಷ್ಟು ಬೆಲ್ಟಿನಲ್ಲಿ 300ರ ಆಸುಪಾಸು. ಘಟಕ ಡೆಕಾನ್ಯೂಟನ್, ಒಂದು ಅಂದ್ರೆ ಹೆಚ್ಚುಕಡಿಮೆ ಒಂದು ಕೆಜಿ ಭಾರ. ಅಂದ್ರೆ ಒಬ್ಬ ಮನುಷ್ಯ ಕೈಯಲ್ಲಿ ಒತ್ತುವಷ್ಟೇ ಟೈಟ್ ಸಾಕು. ಹಿಡಿಕೆಗೆ ಕಬ್ಬಿಣದ ಪೈಪ್ ಸಿಕ್ಕಿಸಿ ಇಬ್ಬರು ನೇತಾಡಿದರೆ ಕಟ್ಟು ಗಟ್ಟಿಯಾಗಲ್ಲ, ರ‍್ಯಾಚೆಟ್ಟಿನ ಹಲ್ಲು ಬಗ್ಗುತ್ತೆ.

ರ‍್ಯಾಚೆಟ್ ಹೊಡೆಯೋ ಮೊದಲು ಸಡಿಲವನ್ನೆಲ್ಲ ಕೈಯಿಂದಲೇ ಎಳೆದುಬಿಡಿ. ಆಮೇಲೆ ತಿರುಗಿಸಿದಾಗ ಉರುಳೆಯ ಮೇಲೆ ಎರಡರಿಂದ ಮೂರು ಸುತ್ತು ಬರಬೇಕು. ಒಂದು ಸುತ್ತಿಗೇ ನಿಂತರೆ ಬೆಲ್ಟ್ ಜಾರಬಹುದು. ಐದಾರು ಸುತ್ತಾದರೆ ಒಳಗೆ ಗಂಟುಬಿದ್ದು ಹಿಡಿಕೆ ಪೂರ್ತಿ ಮುಚ್ಚಲ್ಲ. ಮುಚ್ಚದ ಹಿಡಿಕೆ ದಾರಿಯಲ್ಲಿ ಬಿಚ್ಚಿಕೊಳ್ಳುತ್ತೆ. ಉಳಿದ ತುದಿಯನ್ನ ಸುತ್ತಿ ಸಿಕ್ಕಿಸಿ, ಇಲ್ಲದಿದ್ದರೆ ಗಾಳಿಗೆ ಪಟಪಟ ಅಂತ ಬಡಿದು ಬಣ್ಣ ಕೀಳುತ್ತೆ.

ಬೆಲ್ಟಿನ ಅಂಚಿನಲ್ಲಿ 5 ಮಿ.ಮೀ. ಸೀಳು ಕಂಡರೆ ಎಸೆದುಬಿಡಿ. ತುಂಡಾದ ಬೆಲ್ಟಿಗೆ ಗಂಟು ಹಾಕಿ ಜೋಡಿಸೋದು ಇನ್ನೂ ಕೆಟ್ಟದ್ದು. ಗಂಟು ಬಿದ್ದಲ್ಲಿ ಬಲ ಅರ್ಧದಷ್ಟು ಹೋಗಬಹುದು. ನೈಲಾನ್ ಹಗ್ಗ ಎಳೆದಷ್ಟೂ ಉದ್ದ ಆಗುತ್ತೆ, ಕಾರು ಕಟ್ಟೋಕಲ್ಲ ಅದು.

ಈಗ ಎರಡನೇ ಮಾತು: "ಹ್ಯಾಂಡ್‌ಬ್ರೇಕ್ ಹಾಕಿದೀನಿ, ಗೇರಲ್ಲಿದೆ, ಇಷ್ಟು ಬೆಲ್ಟ್ ಯಾಕೆ?" ಲೆಕ್ಕ ಮಾಡೋಣ. 1,200 ಕೆಜಿ ಕಾರು. ಅಮೆರಿಕದ ನಿಯಮವೂ ಯುರೋಪಿನ ಮಾನದಂಡವೂ ಲಾರಿ ಜೋರಾಗಿ ಬ್ರೇಕ್ ಹಾಕಿದಾಗ ಸರಕಿನ ಭಾರದ 0.8 ಪಾಲು ಮುಂದಕ್ಕೆ ನೂಕುತ್ತೆ ಅಂತ ಇಟ್ಟುಕೊಂಡು ಕಟ್ಟೋಕೆ ಹೇಳುತ್ತವೆ. ಹಿಂದಕ್ಕೆ, ಪಕ್ಕಕ್ಕೆ 0.5. ಅಂದ್ರೆ ಮುಂದಕ್ಕೆ 960 ಕೆಜಿ. ನಾಲ್ಕೂ ಚಕ್ರ ಪೂರ್ತಿ ಲಾಕ್ ಆಗಿವೆ ಅಂತಲೇ ಇಟ್ಟುಕೊಳ್ಳಿ. ಮಳೆ, ಮಣ್ಣು, ಡೀಸೆಲ್ ಮೆತ್ತಿದ ಕಬ್ಬಿಣದ ಡೆಕ್ ಮೇಲೆ ರಬ್ಬರಿನ ಹಿಡಿತ ಕಾರಿನ ಭಾರದ ಮೂರನೇ ಒಂದು ಅಂದರೂ 400 ಕೆಜಿ ಅಷ್ಟೇ. ಬಾಕಿ 560 ಕೆಜಿ ಯಾರು ಹಿಡೀಬೇಕು? ಬೆಲ್ಟು ಮತ್ತು ಟೈರಿನ ಮುಂದೆ ಇಡೋ ಬೆಣೆ. ವಾಸ್ತವದಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯೋದು ಸಾಮಾನ್ಯವಾಗಿ ಹಿಂದಿನ ಎರಡು ಚಕ್ರ, ಬ್ರೇಕ್ ಬಿದ್ದಾಗ ಭಾರ ಹೋಗೋದು ಮುಂದಕ್ಕೆ. ಆಟೊಮ್ಯಾಟಿಕ್ ಕಾರಲ್ಲಿ ಪಾರ್ಕ್ ಸ್ಥಾನಕ್ಕೆ ಹಾಕಿದರೆ ಗೇರ್‌ಬಾಕ್ಸ್ ಒಳಗಿನ ಒಂದು ಸಣ್ಣ ಕೊಕ್ಕೆ ಇಡೀ ಕಾರನ್ನ ಹಿಡಿಯುತ್ತೆ. ಅದಕ್ಕೇ ಮೊದಲು ಹ್ಯಾಂಡ್‌ಬ್ರೇಕ್, ಕಾರು ಅದರ ಮೇಲೆ ನಿಂತ ಮೇಲೆ ಪಾರ್ಕ್. ಹ್ಯಾಂಡ್‌ಬ್ರೇಕ್, ಗೇರ್ ಎರಡೂ ಇರಲೇಬೇಕು. ಆದರೆ ಅವು ಕಟ್ಟಿನ ಲೆಕ್ಕಕ್ಕೆ ಬರಲ್ಲ. ವಿಂಚ್ ಕೇಬಲ್ಲೂ ಬರಲ್ಲ, ಅದು ಹತ್ತಿಸೋಕೆ ಇರೋದು.

ಅಪಘಾತವಾಗಿ ಚಕ್ರವೇ ಮುರಿದ ಕಾರಿಗೆ ಟೈರು ಕಟ್ಟೋಕಾಗಲ್ಲ, ಒಪ್ಪಿದೆ. ಆಗ ಚಾಸಿಯಲ್ಲಿ ಕಂಪನಿಯೇ ಬಿಟ್ಟಿರೋ ಉದ್ದನೆ ತೂತುಗಳಿಗೆ ಟಿ ಆಕಾರದ ಹುಕ್ ಹಾಕಿ. ಸ್ಟಿಯರಿಂಗ್ ಟೈ ರಾಡ್, ಸ್ಟೆಬಿಲೈಸರ್ ಲಿಂಕ್, ಡ್ರೈವ್‌ಶಾಫ್ಟ್, ಸೈಲೆನ್ಸರ್ ಇವುಗಳಿಗೆ ಕೈ ಹಾಕಬೇಡಿ. ಬಂಪರಿನಲ್ಲಿ ತಿರುಗಿಸಿ ಹಾಕೋ ಟೋ ಹುಕ್ ನೇರ ಎಳೆಯೋಕೆ ಮಾತ್ರ, ಪಕ್ಕಕ್ಕೆ ಎಳೆದರೆ ಬಗ್ಗುತ್ತೆ.

ಎಲ್ಲರೂ ಟೈಟ್ ಬಗ್ಗೆ ಕೇಳ್ತಾರೆ. "ಹೊರಟ ಮೇಲೆ ಮೊದಲು ಎಲ್ಲಿ ನಿಲ್ಲಿಸ್ತೀರಾ?" ಅಂತ ಕೇಳೋರು ಬೇಕಾಗಿದ್ದಾರೆ. ಕೇಳಬೇಕಾದ ಪ್ರಶ್ನೆ ಅದು. ಕಟ್ಟಿದ ಬೆಲ್ಟ್ ಕಟ್ಟಿದಂತೇ ಇರಲ್ಲ. ಮೊದಲ ಹತ್ತು ಹದಿನೈದು ಕಿಲೋಮೀಟರಲ್ಲಿ ಟೈರು ಡೆಕ್ ಮೇಲೆ ಸರಿಯಾಗಿ ಕೂರುತ್ತೆ, ರಬ್ಬರ್ ತುಂಡು ಅಚ್ಚಿಗೆ ಇಳಿಯುತ್ತೆ, ಪಾಲಿಯೆಸ್ಟರ್ ನೂಲು ಸ್ವಲ್ಪ ಎಳೆದುಕೊಳ್ಳುತ್ತೆ. ಪ್ರತಿಯೊಂದಕ್ಕೂ ಚೂರು ಚೂರು ಬಿಗಿ ಹೋಗುತ್ತೆ. ಬೆಂಗಳೂರಿಂದ ಮಂಗಳೂರಿಗೆ ಹೊರಟ ಗಾಡಿ ನೆಲಮಂಗಲ ದಾಟಿ ಎಡಕ್ಕೆ ನಿಂತು ಎಲ್ಲ ಬೆಲ್ಟಿಗೂ ಇನ್ನೊಂದೆರಡು ಹಲ್ಲು ಕೊಡಬೇಕು. ಅಮೆರಿಕದಲ್ಲಿ ಮೊದಲ 50 ಮೈಲಿ, ಅಂದ್ರೆ 80 ಕಿ.ಮೀ. ಒಳಗೆ, ಆಮೇಲೆ ಮೂರು ಗಂಟೆಗೆ ಅಥವಾ 150 ಮೈಲಿಗೆ ಒಮ್ಮೆ ನೋಡಲೇಬೇಕು ಅಂತ ನಿಯಮ. ನಮ್ಮಲ್ಲಿ ಹಾಸನದಲ್ಲಿ ಟೀ ಕುಡಿಯೋಕೆ ಹೇಗೂ ನಿಲ್ಲಿಸ್ತೀರಿ, ಒಂದು ಸುತ್ತು ಹಾಕಿ ಬರೋಕೆ ಐದು ನಿಮಿಷ.

ಟೈರು ಕಟ್ಟೋ ಪದ್ಧತಿಗೆ ಒಂದೇ ದೊಡ್ಡ ಶತ್ರು, ಟೈರಿನ ಗಾಳಿ ಇಳಿಯೋದು. ನಿಧಾನಕ್ಕೆ ಗಾಳಿ ಬಿಡೋ ಟೈರಿಗೆ ಬೆಳಿಗ್ಗೆ ಬಿಗಿಯಾಗಿ ಕಟ್ಟಿದ ಬೆಲ್ಟ್ ಸಂಜೆಗೆ ಹೂಮಾಲೆಯಂತೆ ಜೋತುಬಿದ್ದಿರುತ್ತೆ. ಹತ್ತಿಸೋ ಮೊದಲು ನಾಲ್ಕೂ ಟೈರಿನ ಗಾಳಿ ನೋಡಿ. ಎರಡಂತಸ್ತಿನ ಕ್ಯಾರಿಯರ್ ಗಾಡಿಯ ಮೇಲಿನ ಡೆಕ್ಕಿನಲ್ಲಿ ಎತ್ತರ ಕಡಿಮೆ ಮಾಡೋಕೆ ಗಾಳಿ ಬಿಡೋ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಮೇಲಿನ ಡೆಕ್ ಹೈಡ್ರಾಲಿಕ್ ಮೇಲೆ ನಿಂತಿರಬಾರದು, ಲಾಕ್ ಪಿನ್ ಕೂತಿರಬೇಕು. ಎಣ್ಣೆ ಸೋರಿದರೆ ಡೆಕ್ ಇಳಿಯುತ್ತೆ, ಕೆಳಗೆ ಇನ್ನೊಬ್ಬರ ಕಾರಿನ ರೂಫ್ ಇರುತ್ತೆ. ಕಾರಿನೊಳಗೆ ಮಿಕ್ಸಿ, ಪುಸ್ತಕದ ಡಬ್ಬ, ಅಕ್ಕಿ ಮೂಟೆ ತುಂಬಿ ಕಳಿಸೋ ಮಾಲೀಕರೇ, ಆ ಭಾರವೂ ಇದೇ ಬೆಲ್ಟಿಗೆ ಬೀಳುತ್ತೆ.

ಶಿರಾಡಿ ಘಾಟಿ ಇಳಿಯೋ ಗಾಡಿ ಸಕಲೇಶಪುರದಲ್ಲಿ ಇನ್ನೊಮ್ಮೆ ನಿಲ್ಲಬೇಕು, ಘಾಟಿ ಶುರುವಾಗೋ ದೋಣಿಗಲ್ ದಾಟಿದ ಮೇಲಲ್ಲ. ಇಳಿಜಾರಿನಲ್ಲಿ ಕಾರಿನ ಭಾರ ಉದ್ದಕ್ಕೂ ಮುಂದಕ್ಕೆ ಒರಗುತ್ತೆ, ಹಾಗಾಗಿ ಮುಂದಿನ ಚಕ್ರಗಳ ಮುಂದಿರೋ ಬೆಣೆಯನ್ನ ಕಾಲಲ್ಲಿ ಒದ್ದು ನೋಡಿ. ಆಮೇಲೆ ಪ್ರತಿ ಬೆಲ್ಟನ್ನೂ ಟೈರು ಮತ್ತು ಹುಕ್ ನಡುವೆ ಹೆಬ್ಬೆರಳಲ್ಲಿ ಒತ್ತಿ. ಹಲಗೆ ಒತ್ತಿದಂತೆ ಇರಬೇಕು. ಒಳಕ್ಕೆ ಹೋದರೆ ರ‍್ಯಾಚೆಟ್ ತಿರುಗಿಸೋ ಮೊದಲು ಬಗ್ಗಿ ಆ ಟೈರಿನ ಗಾಳಿ ನೋಡಿ.