ಎರಡನೇ ಸಿಲಿಂಡರಿನ ಪ್ಲಗ್ ಥ್ರೆಡ್: ಇಲ್ಲಿಯವರೆಗೆ ನಡೆದ ಕೆಲಸ

ಮೊದಲ ಭಾನುವಾರ

ಅಪ್ಪ 1998ರಲ್ಲಿ ಕೊಂಡ ಮಾರುತಿ 800 ಕಾರನ್ನು ನಾನು ಇಂದಿಗೂ ಮೈಸೂರಿನ ಸರಸ್ವತಿಪುರಂನಿಂದ ಮಂಡ್ಯದವರೆಗೆ ಓಡಿಸುತ್ತೇನೆ. ಕೆಲವು ದಿನಗಳಿಂದ ಏರು ಹತ್ತುವಾಗ ಬಾನೆಟ್ಟಿನೊಳಗಿನಿಂದ ಚುಸ್ ಚುಸ್ ಎಂಬ ಸದ್ದು ಬರುತ್ತಿದ್ದುದರಿಂದ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಸಿಲಿಂಡರಿಗೆ ಒಂದರಂತಿರುವ ಮೂರೂ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿದೆ. ಎರಡನೇ ಸಿಲಿಂಡರಿನ ಪ್ಲಗ್ ಕಿರುಗುಟ್ಟುತ್ತ ತಿರುಗಿ ಕೈಗೆ ಬಂದಾಗ, ಅದರ ಥ್ರೆಡ್ಡಿನ (ತಿರುಪಿನ ಸುತ್ತುಗಳ) ಸಂದಿನಲ್ಲಿ ಸೀರೆಯ ಸೆರಗಿನಿಂದ ಕಿತ್ತ ಜರಿಯ ಎಳೆಯಂತೆ ಅಲ್ಯೂಮಿನಿಯಂ ಸುತ್ತಿಕೊಂಡಿತ್ತು. ಬುಡದ ಸುತ್ತ ಕಪ್ಪು ಮಸಿ ಹಿಡಿದಿತ್ತು; ಒಳಗಿನ ಬಿಸಿ ಗಾಳಿ ಅಲ್ಲಿಂದಲೇ ಸೋರುತ್ತಿತ್ತು.

ಹೋದ ವರ್ಷ ಒಂದು ಗ್ಯಾರೇಜಿನಲ್ಲಿ ಪ್ಲಗ್ ಬದಲಾಯಿಸಿದಾಗ, ಹುಡುಗ ಮೊದಲ ಸುತ್ತಿನಿಂದಲೇ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ತಿರುಗಿಸಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೆ. ಪ್ಲಗ್ ಉಕ್ಕಿನದು, ಅದು ಕೂರುವ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಅಲ್ಯೂಮಿನಿಯಮ್ಮಿನದು. ಓರೆಯಾಗಿ ಹೊಕ್ಕರೆ ಸವೆಯುವುದು ಹೆಡ್ಡೇ. ಕೈಬೆರಳಿನಿಂದ ನಾಲ್ಕೈದು ಸುತ್ತು ಹತ್ತದ ಪ್ಲಗ್ಗಿಗೆ ಸ್ಪ್ಯಾನರ್ ಮುಟ್ಟಿಸಲೇಬಾರದು.

ಅದೇ ವಾರ

ಮೆಟಗಳ್ಳಿಯ ಲೇತ್ ಕೆಲಸದವರೊಬ್ಬರಿಗೆ ಪ್ಲಗ್ಗನ್ನು ತೋರಿಸಿದೆ. ಹೆಡ್ ಇಳಿಸಿ ತಂದರೆ ಸವೆದ ತೂತಿಗೆ ಹೊಸ ಥ್ರೆಡ್ಡಿರುವ ಬುಷ್ (ಕೊಳವೆಯಂಥ ಲೋಹದ ತುಂಡು) ಕೂರಿಸಿಕೊಡುವುದಾಗಿ ಅವರು ಹೇಳಿದರು. ಅದು ಗಟ್ಟಿಯಾದ ದಾರಿಯೇ ಹೌದು. ಆದರೆ ಹೆಡ್ ಇಳಿಸಿದರೆ ಗ್ಯಾಸ್ಕೆಟ್, ಟೈಮಿಂಗ್ ಬೆಲ್ಟ್ ಎಲ್ಲಕ್ಕೂ ಕೈ ಹಾಕಬೇಕು. ತೂತಿನ ತಳದ ಕೆಲವು ಸುತ್ತುಗಳು ಇನ್ನೂ ಚೆನ್ನಾಗಿದ್ದುದರಿಂದ ಹೆಡ್ ಇಳಿಸದೆ ಹೆಲಿಕಾಯಿಲ್ (ತೂತಿಗೆ ಹೊಸ ಥ್ರೆಡ್ಡಾಗುವ, ಸ್ಪ್ರಿಂಗಿನಂಥ ತಂತಿಯ ಸುರುಳಿ) ಹಾಕುವುದೆಂದು ನಿರ್ಧರಿಸಿದೆ. ಅವರು ಬೇಸರಿಸದೆ ಒಂದು ಮಾತು ಹೇಳಿ ಕಳಿಸಿದರು: “ಬಲ ಹಾಕ್ಬೇಡಿ ಸಾರ್. ಬಿಗಿ ಅನ್ನಿಸಿದ್ರೆ ಅರ್ಧ ಸುತ್ತು ವಾಪಸ್ ಬನ್ನಿ.”

ಈ ಪ್ಲಗ್ಗಿನ ಥ್ರೆಡ್ 14 ಮಿ.ಮೀ. ವ್ಯಾಸದ್ದು, ಪಿಚ್ (ಎರಡು ಸುತ್ತುಗಳ ನಡುವಿನ ಅಂತರ) 1.25 ಮಿ.ಮೀ., ಉದ್ದ 19 ಮಿ.ಮೀ. ಕಾಯಿಲ್ಲಿನ ಉದ್ದವೂ ಹೆಡ್ಡಿನ ಥ್ರೆಡ್ಡಿಗೆ ಹೊಂದಬೇಕು. ಅದು ಉದ್ದವಾಗಿ ಒಳಗೆ ಇಣುಕಿದರೆ ಬೆಂಕಿಯಲ್ಲಿ ಕಾದು ಕೆಂಪಾಗಿ, ಕಿಡಿ ಹಾರುವ ಮೊದಲೇ ಪೆಟ್ರೋಲನ್ನು ಹೊತ್ತಿಸಬಲ್ಲದು.

ಎರಡನೇ ಭಾನುವಾರ

ಇಡೀ ಕೆಲಸದಲ್ಲಿ ನನಗೆ ಭಯವಿದ್ದದ್ದು ಲೋಹದ ಪುಡಿಯ ಬಗ್ಗೆ. ಒಳಗೆ ಬಿದ್ದ ಒಂದು ಚೂರು ಸಿಲಿಂಡರಿನ ಗೋಡೆಯನ್ನು ಗೀರಿದರೆ, ಥ್ರೆಡ್ ಉಳಿಸಲು ಹೋಗಿ ಎಂಜಿನ್ನನ್ನೇ ಕೆಡಿಸಿದಂತಾಗುತ್ತದೆ. ಆದ್ದರಿಂದ ಕಾರನ್ನು ಗೇರಿನಲ್ಲಿಟ್ಟು ಮೆಲ್ಲಗೆ ತಳ್ಳಿ ಪಿಸ್ಟನ್ನನ್ನು ಕೆಳಗಿಳಿಸಿಕೊಂಡು, ಥ್ರೆಡ್ ಕೊರೆಯುವ ಉಪಕರಣವಾದ ಟ್ಯಾಪಿನ ಕಾಲುವೆಗಳಿಗೆಲ್ಲ, ಪುಡಿ ಅಂಟಿಕೊಳ್ಳಲೆಂದು ದಪ್ಪ ಗ್ರೀಸ್ ತುಂಬಿದೆ. ಒಂದು ಮತ್ತು ಮೂರನೇ ತೂತುಗಳಲ್ಲಿ ಪ್ಲಗ್‌ಗಳನ್ನು ಬಿಟ್ಟಿದ್ದರಿಂದ, ನನ್ನ ಟ್ಯಾಪ್ ಅವೆರಡರ ಸಾಲಿನಲ್ಲಿ, ಅದೇ ಓರೆಯಲ್ಲಿ ನಿಂತಿದೆಯೇ ಎಂದು ಎರಡೂ ಕಡೆಯಿಂದ ಕಣ್ಣಳತೆ ಹಿಡಿಯಲು ಸಾಧ್ಯವಾಯಿತು. ಟ್ಯಾಪಿನ ತುದಿಯ ಭಾಗ ಹಳೆಯ ಥ್ರೆಡ್ಡನ್ನೇ ಹಿಡಿದು ಇಳಿಯುತ್ತದೆ. ಮೇಲಿನ ಭಾಗ ಕಾಯಿಲ್ಲಿಗೆ ಬೇಕಾದ ದೊಡ್ಡ ಥ್ರೆಡ್ಡನ್ನು ಕೊರೆಯುತ್ತದೆ. ಎರಡು ಸುತ್ತು ಕೊರೆಯುವುದು, ಪೂರ್ತಿ ಹೊರತೆಗೆಯುವುದು, ಬೆಳ್ಳಗೆ ಮಿನುಗುವ ಗ್ರೀಸನ್ನು ಒರೆಸಿ ಹೊಸದನ್ನು ತುಂಬುವುದು. ಹೀಗೆಯೇ ಬೆಳಗಿನ ಹೊತ್ತೆಲ್ಲ ಕಳೆಯಿತು.

ಆಮೇಲೆ ವ್ಯಾಕ್ಯೂಮ್ ಕ್ಲೀನರಿಗೆ ಸಣ್ಣ ಪೈಪು ಕಟ್ಟಿ ಒಳಗನ್ನು ಎಳೆಸಿದೆ. ಕಿಡಿಯ ಸಂಪರ್ಕ ತಪ್ಪಿಸಿ ಎರಡು ಮೂರು ಬಾರಿ ಸೆಲ್ಫ್ ಹೊಡೆದಾಗ ತೂತಿನಿಂದ ನುಗ್ಗಿದ ಗಾಳಿ ಎದುರಿಗೆ ಹಿಡಿದ ಬಟ್ಟೆಯ ಮೇಲೆ ಇನ್ನೂ ನಾಲ್ಕು ಚುಕ್ಕೆ ಪುಡಿಯನ್ನು ತಂದು ಬಿಟ್ಟಿತು. ಬಟ್ಟೆ ಶುಭ್ರವಾಗಿ ಬರುವವರೆಗೂ ಬಿಡಲಿಲ್ಲ. ಕೊನೆಗೆ ಮೊಬೈಲಿಗೆ ಜೋಡಿಸುವ ಸಣ್ಣ ಕ್ಯಾಮೆರಾ ಇಳಿಸಿ ಪಿಸ್ಟನ್ನಿನ ತಲೆಯನ್ನು ನೋಡಿಕೊಂಡೆ.

ಮೊದಲ ಕಾಯಿಲ್ ಹಾಳಾಯಿತು. ಆತುರದಲ್ಲಿ ಒತ್ತಿದ್ದರಿಂದ ಅದರ ಎರಡನೇ ಸುತ್ತು ಒಂದು ಸಾಲು ಹಾರಿ ಕೂತಿತು. ಚೂಪು ಇಕ್ಕಳದಿಂದ ಎಳೆದು ತೆಗೆಯಬೇಕಾಯಿತು. ಎರಡನೆಯದನ್ನು ಒತ್ತದೆ, ಬರೀ ತಿರುಗಿಸುತ್ತ, ವಾಶರ್ ಕೂರುವ ಮಟ್ಟಕ್ಕಿಂತ ಅರ್ಧ ಸುತ್ತು ಕೆಳಗೆ ನಿಲ್ಲಿಸಿದೆ. ಕಾಯಿಲ್ಲಿನ ತಳದಲ್ಲಿರುವ ಅಡ್ಡ ತುಂಡನ್ನು ಸಾಮಾನ್ಯ ಬೋಲ್ಟಿನ ತೂತಿನಲ್ಲಾದರೆ ಕೆಳಕ್ಕೆ ಹೊಡೆದು ಮುರಿಯುತ್ತಾರೆ. ಇಲ್ಲಿ ಹಾಗೆ ಮಾಡಿದರೆ ಅದು ನೇರ ಪಿಸ್ಟನ್ನಿನ ಮೇಲೆ ಬೀಳುತ್ತದೆ. ಇಕ್ಕಳದಲ್ಲಿ ಹಿಡಿದು ಅತ್ತಿತ್ತ ಬಗ್ಗಿಸಿ, ಮುರಿದ ತುಂಡನ್ನು ಮೇಲೆ ತಂದು ಅಂಗೈಯಲ್ಲಿಟ್ಟು ನೋಡಿದ ಮೇಲೆಯೇ ನನಗೆ ಸಮಾಧಾನವಾಯಿತು.

ಹೊಸ ಪ್ಲಗ್ ಬೆರಳಿನಲ್ಲೇ ಕೊನೆಯವರೆಗೂ ಇಳಿಯಿತು. ಬಿಗಿತ ಅಳೆಯುವ ಟಾರ್ಕ್ ವ್ರೆಂಚಿನಲ್ಲಿ 25 ನ್ಯೂಟನ್ ಮೀಟರಿಗೆ ಬಿಗಿ ಮಾಡಿದೆ. ಪ್ಲಗ್ಗಿನ ಕಾವು ಬಹುಪಾಲು ಥ್ರೆಡ್ ಮತ್ತು ವಾಶರಿನ ಮೂಲಕವೇ ಹೆಡ್ಡಿಗೆ ಇಳಿಯುವುದರಿಂದ ವಾಶರ್ ಸರಿಯಾಗಿ ಕೂರುವುದು ಮುಖ್ಯ.

ಮೂರನೇ ವಾರ

ಕಂಪ್ರೆಷನ್ (ಸಿಲಿಂಡರಿನೊಳಗೆ ಏಳುವ ಒತ್ತಡ) ಅಳೆದಾಗ ಮೂರು ಸಿಲಿಂಡರುಗಳಲ್ಲಿ ಕ್ರಮವಾಗಿ 165, 160, 165 ಪಿ.ಎಸ್.ಐ. ಬಂತು; ಎರಡನೆಯದೂ ಉಳಿದವುಗಳಿಗೆ ಹೆಚ್ಚುಕಡಿಮೆ ಸಮ. ಮುಂಜಾನೆ ಚಾಮುಂಡಿ ಬೆಟ್ಟದ ರಸ್ತೆಯನ್ನು ಎರಡನೇ ಗೇರಿನಲ್ಲಿ, ಎಂಜಿನ್ನಿಗೆ ಭಾರ ಕೊಟ್ಟೇ ಹತ್ತಿಸಿದೆ. ಚುಸ್ ಸದ್ದು ಇರಲಿಲ್ಲ. ಮೇಲೆ ನಿಲ್ಲಿಸಿ ಬಾನೆಟ್ ಎತ್ತಿದಾಗ, ಒರೆಸಿ ಬಿಟ್ಟಿದ್ದ ಪ್ಲಗ್ಗಿನ ಬುಡ ಒರೆಸಿದ ಹಾಗೆಯೇ ಇತ್ತು.

ಇಂದು, 600 ಕಿ.ಮೀ. ಓಡಿದ ಮೇಲೆ, ತಣ್ಣಗಿನ ಎಂಜಿನ್ನಿನಿಂದ ಆ ಪ್ಲಗ್ಗನ್ನು ಮತ್ತೆ ಬಿಚ್ಚಿದೆ. ಕಾಯಿಲ್ ಪ್ಲಗ್ಗಿನ ಜೊತೆ ಎದ್ದು ಬರಲಿಲ್ಲ; ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣದ್ದಾಗಿತ್ತು, ಥ್ರೆಡ್ಡಿನ ಸಂದಿನಲ್ಲಿ ಎಳೆಯೇನೂ ಇರಲಿಲ್ಲ.