ಸ್ವಯಂಸೇವಕರು ಬೇಕಾದಷ್ಟು ಸಿಗುತ್ತಾರೆ, ಕೈಕಟ್ಟಿ ಕೂರುವವರು ಸಿಗುವುದಿಲ್ಲ

ಹಿರಿಯರಿಗೆ ಮೊಬೈಲ್ ಕಲಿಸುವ ಶಿಬಿರ ಅಂದರೆ ಮಂಗಳೂರು, ಉಡುಪಿ ಕಡೆ ಸ್ವಯಂಸೇವಕರಿಗೆ ಬರವಿಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ 100 ಆಕ್ಟಿವಿಟಿ ಪಾಯಿಂಟ್ (ಸಮಾಜಸೇವೆಯಂಥ ಚಟುವಟಿಕೆಗೆ ಸಿಗುವ ಅಂಕ) ಬೇಕು, ಎನ್‌ಎಸ್‌ಎಸ್‌ನವರು ವರ್ಷಕ್ಕೆ 120 ಗಂಟೆ ಸೇವೆ ತೋರಿಸಬೇಕು. ಕರೆದರೆ ಬರುತ್ತಾರೆ. ಬಂದವರ ಕೈ ಸುಮ್ಮನಿರುವಂತೆ ಮಾಡುವುದೇ ನಮ್ಮ ಅರ್ಧ ಕೆಲಸ.

ಅಜ್ಜಿ ಗೂಗಲ್ ಪೇ ತೆರೆಯಲು ತಡವರಿಸಿದ ಕೂಡಲೇ ಹುಡುಗ 'ಇಲ್ಲಿ ಕೊಡಿ ಅಜ್ಜಿ' ಎಂದು ಫೋನ್ ತೆಗೆದುಕೊಂಡು ಪಟಪಟನೆ ಮುಗಿಸಿ ಕೊಡುತ್ತಾನೆ. ಅಜ್ಜಿಗೂ ಖುಷಿ, ಅವನಿಗೂ ಖುಷಿ, ಕಲಿತದ್ದು ಮಾತ್ರ ಸೊನ್ನೆ. ಹಾಗಾಗಿ ಫೋನ್ ಕಲಿಯುವವರ ಕೈ ಬಿಟ್ಟು ಹೋಗಬಾರದು. ಸ್ವಯಂಸೇವಕರು ಬೆರಳು ತೋರಿಸಬಹುದು, ಸ್ಕ್ರೀನ್ ಮುಟ್ಟುವಂತಿಲ್ಲ. ಪಿನ್ ಒತ್ತುವಾಗ ಮುಖ ಆಚೆ ತಿರುಗಿಸಬೇಕು. ಮುಂದೆ ಯಾವತ್ತೋ ಖಾತೆಯಿಂದ ಹಣ ಹೋದರೆ ಮೊದಲ ಸಂಶಯ ಪಿನ್ ನೋಡಿದ ಹುಡುಗನ ಮೇಲೆಯೇ ಬರುವುದು. ಶಿಬಿರಕ್ಕೆ ಮುಂಚೆ ಅರ್ಧ ಗಂಟೆ ಇವರನ್ನೇ ಜೋಡಿಯಾಗಿ ಕೂರಿಸಿ, ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬರೀ ಬಾಯಲ್ಲಿ ಹೇಳಿಕೊಡಲು ಹಚ್ಚಿ. ಯಾರಿಗೆ ತಾಳ್ಮೆ ಇದೆ ಎಂದು ಅಲ್ಲೇ ಗೊತ್ತಾಗುತ್ತದೆ. ಇಲ್ಲದವರಿಗೆ ನೋಂದಣಿ ಮೇಜು ಇದೆ.

20 ಮಂದಿ ಕಲಿಯುವವರಿಗೆ 10 ಮಂದಿ ಸ್ವಯಂಸೇವಕರು, ಮೇಲೆ ಇಬ್ಬರು ಹೆಚ್ಚುವರಿ. ಜೋಡಿ ಮಾಡುವಾಗ ಮೊದಲು ಭಾಷೆ ನೋಡಿ: ತುಳು, ಕೊಂಕಣಿ, ಬ್ಯಾರಿ. 'ಹಣ ಬರಲು ಪಿನ್ ಬೇಡ, ಕೊಡಲು ಮಾತ್ರ ಬೇಕು' ಎಂಬ ಮಾತನ್ನು ಮನೆಮಾತಿನಲ್ಲಿ ಹೇಳಿದರೇ ತಲೆಗೆ ಹೋಗುವುದು. ಮೋಸವಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಎಂಬುದೂ ಅಷ್ಟೇ.

ಹೆಸರು ಬರೆಸಿಕೊಳ್ಳುವಾಗಲೇ ಫೋನಿನಲ್ಲಿ ಮೂರು ವಿಷಯ ಕೇಳಿ. ಬ್ಯಾಂಕಿಗೆ ಕೊಟ್ಟ ನಂಬರ್ ಯಾರದ್ದು? ನಮ್ಮ ಊರಲ್ಲಿ ಅದು ಎಷ್ಟೋ ಸಲ ದುಬೈಯಲ್ಲೋ ಮುಂಬೈಯಲ್ಲೋ ಇರುವ ಮಗನದ್ದು. ಯುಪಿಐ ನೋಂದಣಿಗೆ ಆ ಸಿಮ್‌ನಿಂದಲೇ ಎಸ್ಸೆಮ್ಮೆಸ್ ಹೋಗಬೇಕು, ಸಿಮ್ ಎದುರಿಗಿಲ್ಲದಿದ್ದರೆ ಅವತ್ತಿನ ಪಾಠ ಅಲ್ಲಿಗೆ ಮುಗಿಯಿತು. ರಿಚಾರ್ಜ್ ಮುಗಿದಿದೆಯೇ? ಒಳಬರುವ ಕರೆ ಬರುತ್ತಿದೆಯೆಂದು ಸುಮ್ಮನಿರುತ್ತಾರೆ, ಎಸ್ಸೆಮ್ಮೆಸ್ ಮಾತ್ರ ಹೊರಡುವುದಿಲ್ಲ. ಫೋನಿನಲ್ಲಿ ಜಾಗ ಇದೆಯೇ? ಗುಡ್ ಮಾರ್ನಿಂಗ್ ಚಿತ್ರಗಳೇ ತುಂಬಿಕೊಂಡಿದ್ದರೆ ಮೊದಲ ಪಾಠ ಅಳಿಸುವುದೇ ಆಗಲಿ.

ದಿನ ಗೊತ್ತು ಮಾಡುವಾಗ ಕಾಲೇಜಿನ ಪರೀಕ್ಷಾ ವೇಳಾಪಟ್ಟಿಯ ಜೊತೆ ಊರಿನ ಪಂಚಾಂಗವನ್ನೂ ನೋಡಬೇಕು. ಮೇ ಕೊನೆಯಲ್ಲಿ, ತುಳುನಾಡಿನ ಉತ್ಸವಗಳಿಗೆ ತೆರೆ ಬೀಳುವ ಪತ್ತನಾಜೆವರೆಗೆ ಭೂತಗಳ ಕೋಲ, ನೇಮ, ಯಕ್ಷಗಾನದ ಆಟ, ಮದುವೆ. ಆಗ ಭಾನುವಾರ ಇಟ್ಟರೆ ಕುರ್ಚಿಗಳೇ ಗತಿ. ಜುಲೈ-ಆಗಸ್ಟ್‌ನ ತುಳು ತಿಂಗಳು ಆಟಿಯಲ್ಲಿ ಶುಭಕಾರ್ಯ ಇಲ್ಲ, ಜನ ಮನೆಯಲ್ಲಿರುತ್ತಾರೆ, ಸಭಾಂಗಣವೂ ಸಿಗುತ್ತದೆ. ಮಳೆಯದ್ದೊಂದೇ ಕಿರಿಕಿರಿ: ರೆಡ್ ಅಲರ್ಟ್ ಅಂತ ಹಿಂದಿನ ರಾತ್ರಿ ಜಿಲ್ಲಾಧಿಕಾರಿ ರಜೆ ಘೋಷಿಸಿದರೆ ಶಿಬಿರ ಇಟ್ಟ ಶಾಲೆಗೆ ಬೀಗ. ಬದಲಿ ದಿನವನ್ನು ಆಮಂತ್ರಣದಲ್ಲೇ ಹಾಕಿಬಿಡಿ. ಕೆಂಪುಕಲ್ಲಿನ ಹಳೆ ಕಟ್ಟಡವಾದರೆ ಒಳಗೆ ನೆಟ್‌ವರ್ಕ್ ಸಿಗುತ್ತದೆಯೇ ಎಂದು ಮುಂಚೆಯೇ ಹೋಗಿ, ಕೂರುವ ಜಾಗದಲ್ಲೇ ನಿಂತು ಎಸ್ಸೆಮ್ಮೆಸ್ ಕಳಿಸಿ ನೋಡಿ.

ಶಿಬಿರ ಮುಗಿದ ಮೇಲೆ ಸಂದೇಹ ಕೇಳಲೆಂದು ಕಲಿತವರಿಗೆ ಸ್ವಯಂಸೇವಕರ ಸ್ವಂತ ನಂಬರ್ ಕೊಡಿಸಬೇಡಿ, ಹುಡುಗಿಯರದ್ದಂತೂ ಬೇಡವೇ ಬೇಡ. ಕಾರ್ಯಕ್ರಮಕ್ಕೆಂದೇ ಒಂದು ಸಿಮ್ ಇರಲಿ, ಸಂಜೆ 4ರಿಂದ 6ರವರೆಗೆ ಸರದಿಯಲ್ಲಿ ಒಬ್ಬರು ಕರೆ ಎತ್ತಲಿ. ಮುಂದಿನ ವಾರ ಅದೇ ಜಾಗದಲ್ಲಿ ಒಂದು ಗಂಟೆ, ಇಬ್ಬರು ಸ್ವಯಂಸೇವಕರು ಸಾಕು. ಪಿನ್ ಮರೆತವರೇ ಹೆಚ್ಚು ಬರುತ್ತಾರೆ, ಹೊಸ ಪಿನ್ ಮಾಡಿಕೊಳ್ಳಲು ಡೆಬಿಟ್ ಕಾರ್ಡ್ ತರಲು ಮೊದಲೇ ಹೇಳಿಡಿ.